ಸಂಬಳಕ್ಕೆ ಯಾರೂ ಇರಲಿಲ್ಲ

ಹೊಸ ತಿಪ್ಪಸಂದ್ರ
೩ ಫೆಬ್ರವರಿ ೨೦೨೫

ಅಂಜಲಿ,

ವಾಟ್ಸಾಪ್ ಬಿಟ್ಟು ಕೊರಿಯರ್ ಯಾಕೆ ಬಂತೆಂದು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಬ್ಯಾಂಕಿನವರಿಗೆ ನಿನ್ನ ಕೈಬರಹದ ಕಾಗದ ಬೇಕಂತೆ, ಫೋಟೋ ತೆಗೆದು ಕಳಿಸಿದರೆ ನಡೆಯುವುದಿಲ್ಲವಂತೆ. ಹೇಗೂ ಕವರು ಹೋಗುತ್ತಿದೆ, ನಾಲ್ಕು ಮಾತನ್ನೂ ತುಂಬಿಸೋಣ ಎಂದು ಕೂತೆ.

ನಿನ್ನ ಅವ್ವನ ಸೊಂಟ ಹೇಗಿದೆ? ಎರಡು ತಿಂಗಳು ಅಲ್ಲಾಡಬಾರದು ಎಂದು ಡಾಕ್ಟರು ಹೇಳಿದರೆ ಪಾರ್ವತೆವ್ವ ಕೇಳುವ ಪೈಕಿಯೇ? ಮಂಚಕ್ಕೆ ಕಟ್ಟಿಹಾಕು.

ಈಗ ಸಾಲದ ವಿಷಯ. ಶನಿವಾರ ಬ್ಯಾಂಕಿನ ಫೀಲ್ಡ್ ಆಫೀಸರ್ ವಕಾರ್ ಸಾಹೇಬರು ಇನ್ಸ್‌ಪೆಕ್ಷನ್‌ಗೆ ಬಂದಿದ್ದರು. ಬಾಗಿಲಲ್ಲಿ ಇಪ್ಪತ್ತೆರಡು ಜೊತೆ ಪುಟ್ಟ ಚಪ್ಪಲಿ ನೋಡಿ ನಕ್ಕುಬಿಟ್ಟರು. "ಏನ್ ಮೇಡಂ, ಹೊಸ ಉದ್ಯಮ ಅಂತ ಅರ್ಜೀಲಿ ಬರ್ದಿದ್ದೀರ, ಇಲ್ಲಿ ಆಗ್ಲೇ ಸಂತೆ ನಡೀತಿದೆಯಲ್ಲ?" ಸರ್ಕಾರ ಜಾಮೀನು ನಿಲ್ಲುವ ಈ ಸಾಲ, ಅದರ ಮೇಲಿನ ಸಬ್ಸಿಡಿ, ಎರಡೂ ಹೊಸದಾಗಿ ಶುರುಮಾಡುವವರಿಗೆ ಮಾತ್ರವಂತೆ. ಈಗಾಗಲೇ ನಡೆಯುತ್ತಿರುವ ಶಿಶುವಿಹಾರಕ್ಕೆ ಒಂದು ಪೈಸೆಯೂ ಇಲ್ಲ. ಆಮೇಲೆ ಅವರೇ ದಾರಿ ಹೇಳಿದರು. ಇಷ್ಟು ದಿನ ಮಕ್ಕಳನ್ನು ನೋಡಿಕೊಂಡವರು ಅದು ವ್ಯವಹಾರವಾಗಿರಲಿಲ್ಲ, ಅಕ್ಕಪಕ್ಕದವರಿಗೆ ಉಪಕಾರವಾಗಿ ಮಾಡಿದ್ದು ಎಂದು ಬರೆದುಕೊಟ್ಟರೆ ಫೈಲು ಮುಂದೆ ಹೋಗುತ್ತದಂತೆ.

ಆ ಕಾಗದದ ಕರಡು ಜೊತೆಗಿದೆ. ನಿನ್ನ ಕೈಯಲ್ಲಿ ಬರೆದು, ಸಹಿ ಮಾಡಿ ಕಳಿಸು. ನಿನ್ನ ಆಧಾರ್ ಗದಗಿನ ವಿಳಾಸದಲ್ಲಿಯೇ ಕೂತಿದೆ ಎಂದು ತಾನೇ ಅರ್ಜಿಯನ್ನು ನನ್ನ ಹೆಸರಲ್ಲಿ ಹಾಕಿದ್ದು? ಹೆಸರು ಯಾರದಾದರೇನು, ಮಕ್ಕಳು "ಅಂಜಲಿ ಆಂಟಿ" ಎಂದೇ ಅಳುತ್ತವೆ. ದುಡ್ಡು ಬಂದ ಮಾರನೇ ದಿನವೇ ನೋಟರಿ ಹತ್ತಿರ ಹೋಗಿ ಪಾಲುದಾರಿಕೆ ಪತ್ರ ಮಾಡಿಸೋಣ. ಅಪ್ಪನೂ ಒಪ್ಪಿದ್ದಾರೆ. ಕೆಳಗಿನ ಮನೆಯ ಜೊತೆ ಹಿಂದಿನ ಶೆಡ್ ಕೂಡ ಕೊಡುತ್ತಾರಂತೆ.

ಸೃಷ್ಟಿಗೆ ಮುತ್ತು. ವಿರೂಪಾಕ್ಷಣ್ಣ ದಿನಾ ಹೋಟೆಲ್ ಊಟ ಮಾಡಿ ಸೊರಗಿದ್ದಾರೆ, ಬೇಗ ಬಾ.

ನಿನ್ನ
ಹಂಸ


ಗದಗ
೯ ಫೆಬ್ರವರಿ ೨೦೨೫

ಹಂಸಿ,

ಕಾಗದ ಬರೆದಿದ್ದೇನೆ, ಒಳಗಿನ ಬಿಳಿ ಕವರಿನಲ್ಲಿದೆ. ಮೂರು ಸಲ ಹರಿದು ನಾಲ್ಕನೆಯದಕ್ಕೆ ಚೊಕ್ಕ ಬಂತು.

ಬರೆಯುವಾಗ ಅವ್ವ ಮಂಚದ ಮೇಲಿಂದಲೇ ಓದಿಸಿಕೊಂಡಳು. "ಅಲ್ಲಬೇ, ಮಾಡಿದ್ದನ್ನ ಮಾಡಿಲ್ಲಂತ ಕೈಯಾರೆ ಬರದು ಕೊಡ್ತಿ ಏನು? ನಾಳೆ ಅವರು ಹೌದಂದ್ರ?" ಎಂದಳು. ಅವ್ವಾ, ಹಂಸ ಅಂಥವಳಲ್ಲ ಎಂದು ಬೈದೆ. ಸೊಂಟ ಮುರಿದಿದ್ದರೂ ಬಾಯಿ ಗಟ್ಟಿಯಾಗಿದೆ.

ಆದರೂ ಒಂದು ಮಾತು. "ಸಂಬಳಕ್ಕೆ ಯಾರೂ ಇರಲಿಲ್ಲ" ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ನಮ್ಮ ಆಯಾ ಆದಿಲಕ್ಷ್ಮಿ ಮೊದಲ ದಿನದಿಂದ ಇದ್ದಾಳೆ. ನೀನು ಮಹಡಿಯಿಂದ ಇಳಿದು ಬಂದು ಸೇರಿಕೊಂಡದ್ದು ಎರಡನೆಯ ವರ್ಷ. ಅದಕ್ಕೂ ಮೊದಲು ನಾನೂ ಅವಳೂ ಇಬ್ಬರೇ ಆರು ಮಕ್ಕಳನ್ನು ಇಟ್ಟುಕೊಂಡು ಒದ್ದಾಡಿದವರು. ವಿಮಾನ ಕಾರ್ಖಾನೆಯವರ ಆ ಅವಳಿ ಮಕ್ಕಳಿಗೆ ಸೀತಾಳೆ ಸಿಡುಬು ಎದ್ದಾಗ ಬೇವಿನೆಲೆ ಹಿಡಿದು ಕೂತವಳು ಅವಳು. ಇರಲಿ, ಇದು ಬ್ಯಾಂಕಿನ ಕಡತ, ಅವಳಿಗೇನು ತಿಳಿಯುತ್ತದೆ? ಸಾಲ ಬಂದರೆ ಅವಳ ಸಂಬಳವನ್ನೇ ಮೊದಲು ಏರಿಸೋಣ ಎಂದು ಮನಸ್ಸಿಗೆ ಹೇಳಿಕೊಂಡು ಬರೆದೆ.

ಶೆಡ್‌ನ ನೆಲಕ್ಕೆ ಟೈಲ್ಸ್ ಬೇಡ, ಮಕ್ಕಳು ಜಾರುತ್ತವೆ. ರೆಡ್ ಆಕ್ಸೈಡ್ ಹಾಕಿಸು.

ನಿನ್ನ
ಅಂಜಲಿ


ಗದಗ
೯ ಫೆಬ್ರವರಿ ೨೦೨೫

ಮಾನ್ಯ ವ್ಯವಸ್ಥಾಪಕರಿಗೆ,

ಅಂಜಲಿ ವಿರೂಪಾಕ್ಷ ಆದ ನಾನು ಈ ಮೂಲಕ ತಿಳಿಸುವುದೇನೆಂದರೆ, ಹೊಸ ತಿಪ್ಪಸಂದ್ರದಲ್ಲಿ ಶ್ರೀ ರಾಮಾಂಜಿನಪ್ಪನವರ ಮನೆಯ ಕೆಳ ಅಂತಸ್ತಿನಲ್ಲಿ ನಾಲ್ಕು ವರ್ಷ ನಾನು ನೆರೆಹೊರೆಯ ಮಕ್ಕಳನ್ನು ಸ್ನೇಹಕ್ಕಾಗಿ ನೋಡಿಕೊಂಡಿರುತ್ತೇನೆ. ಅದು ವ್ಯವಹಾರವಾಗಿರಲಿಲ್ಲ. ಶುಲ್ಕ ಪಡೆದಿಲ್ಲ. ಸಂಬಳಕ್ಕೆ ಯಾರೂ ಇರಲಿಲ್ಲ. ಶ್ರೀಮತಿ ಹಂಸ ಅವರು ಆರಂಭಿಸಲಿರುವ ಶಿಶುಪಾಲನಾ ಘಟಕಕ್ಕೂ ನನಗೂ ಯಾವುದೇ ವ್ಯಾವಹಾರಿಕ ಸಂಬಂಧವಿಲ್ಲ.

ತಮ್ಮ ವಿಶ್ವಾಸಿ,
ಅಂಜಲಿ ವಿರೂಪಾಕ್ಷ


ಹೊಸ ತಿಪ್ಪಸಂದ್ರ
೨೧ ಏಪ್ರಿಲ್ ೨೦೨೫

ಹಂಸ,

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಮಹಡಿ ಮೆಟ್ಟಿಲಿಗೆ ಗೇಟು ಹಾಕಿಸಿದ್ದೀಯ. ಅದಕ್ಕೆ ಇದನ್ನು ನಿಮ್ಮ ಹಾಲಿನ ಡಬ್ಬಿಯಲ್ಲಿ ಇಟ್ಟು ಹೋಗುತ್ತಿದ್ದೇನೆ. ಹಾಲಾದರೂ ಬೇಕಲ್ಲ ನಿನಗೆ.

ಶುಕ್ರವಾರ ಬಂದೆ. ಬಸ್ಸು ಇಳಿದು, ಮನೆಗೂ ಹೋಗದೆ, ಸೃಷ್ಟಿಯ ಕೈ ಹಿಡಿದುಕೊಂಡು ನೇರ ಅಲ್ಲಿಗೇ ಬಂದೆ. "ಅಂಗಳ" ಎಂದು ನಾನು ಕೈಯಾರೆ ಬರೆದ ಬೋರ್ಡ್ ಇರಲಿಲ್ಲ. "ಹಂಸ ಕಿಡ್ಸ್ ಡೇಕೇರ್" ಎಂದು ದೊಡ್ಡ ಅಕ್ಷರ. ಬಾಗಿಲಲ್ಲಿ ಸಮವಸ್ತ್ರದ ಸೆಕ್ಯುರಿಟಿ. "ಯಾವ ಮಗು ಕಡೆಯವ್ರು ಮೇಡಂ?" ಎಂದು ಕೇಳಿದ. ಯಾವ ಮಗುವಿನ ಕಡೆಯವಳು ನಾನು? ಒಳಗಿನಿಂದ ಆ ಅವಳಿಗಳಲ್ಲಿ ಒಂದು ನನ್ನನ್ನು ನೋಡಿ ಓಡಿ ಬಂತು. ಹೊಸ ಆಂಟಿ ಅದರ ತೋಳು ಹಿಡಿದು ಒಳಗೆ ಎಳೆದುಕೊಂಡಳು. ಮಗುವನ್ನು ಯಾರ ಕೈಗೆ ಕೊಡಬಹುದು ಎಂಬ ರಿಜಿಸ್ಟರಿನಲ್ಲಿ ನನ್ನ ಹೆಸರಿಲ್ಲವಂತೆ. ಆ ರಿಜಿಸ್ಟರ್ ಇಡುವ ಪದ್ಧತಿ ಶುರುಮಾಡಿದ್ದೇ ನಾನು! ಅಪ್ಪ ಅಮ್ಮ ಬರಲಾಗದಿದ್ದರೆ ಎಂದು ಹದಿನಾಲ್ಕು ಮನೆಯವರು ನನ್ನ ಹೆಸರನ್ನೇ ಬರೆಸಿದ್ದರು.

ನಂಬಿದ ಎಮ್ಮೆ ಕೋಣ ಈಯಿತು ಎಂದು ಅವ್ವ ಹೇಳುವುದನ್ನು ಕೇಳಿ ನಗುತ್ತಿದ್ದೆ. ಈಗ ನಗು ಬರುತ್ತಿಲ್ಲ. ಮಾರ್ಚಿನಲ್ಲೇ ಸಾಲ ಬಂದಿದೆ ಎಂದು ನಾನು ತಿಳಿದದ್ದು ತರಕಾರಿ ಅಂಗಡಿಯವನಿಂದ. ಫೋನಿನಲ್ಲಿ ನೀನು "ಇನ್ನೂ ಪ್ರೋಸೆಸ್ ಆಗ್ತಿದೆ ಕಣೇ" ಎನ್ನುತ್ತಿದ್ದೆ. ಬರೀ ಹೊಟ್ಟೆ ಉರಿಯಲ್ಲ ಇದು, ನನ್ನ ಮಗುವನ್ನೇ ಯಾರೋ ಹೊತ್ತೊಯ್ದ ಹಾಗಾಗಿದೆ. ನೋಟರಿ ಪತ್ರ ಎಲ್ಲಿ? ಒಂದು ಸಾಲು ಉತ್ತರ ಕೊಡು.

ಅಂಜಲಿ


ಹೊಸ ತಿಪ್ಪಸಂದ್ರ
೨ ಮೇ ೨೦೨೫

ಅಂಜಲಿ,

ಒಂದು ಸಾಲಲ್ಲ, ಪೂರ್ತಿ ಬರೆಯುತ್ತೇನೆ. ಇದಾದ ಮೇಲೆ ಬರೆಯಬೇಡ.

ಪಾಲುದಾರಿಕೆ ಪತ್ರ ಆಗುವುದಿಲ್ಲ. ಮಧ್ಯದಲ್ಲಿ ಇನ್ನೊಬ್ಬರನ್ನು ಸೇರಿಸಿಕೊಂಡರೆ ಸಬ್ಸಿಡಿ ವಾಪಸ್ಸು ಹೋಗುತ್ತದೆ ಎಂದು ಬ್ಯಾಂಕಿನಲ್ಲಿ ಹೇಳಿದರು. ಇದು ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತೇ ಎಂದು ನೀನು ಕೇಳುತ್ತೀಯ. ಗೊತ್ತಿತ್ತು. ಹೇಳಿದ್ದರೆ ನೀನು ಸಹಿ ಹಾಕುತ್ತಿರಲಿಲ್ಲ.

ಮೂರು ವರ್ಷ ನನ್ನ ಅಪ್ಪನ ಮನೆಯಲ್ಲಿ, ನನ್ನ ಅಪ್ಪ ಅರ್ಧ ಬಾಡಿಗೆಗೆ ಕೊಟ್ಟ ಜಾಗದಲ್ಲಿ, ನಾನು ಉಚ್ಚೆ ಒರೆಸಿದೆ. ಬರುವವರೆಲ್ಲ ಕೇಳುತ್ತಿದ್ದದ್ದು "ಅಂಜಲಿ ಮೇಡಂ ಇಲ್ವಾ?" ಒಮ್ಮೆ ಒಬ್ಬ ತಾಯಿ ನನ್ನ ಕೈಗೆ ಹಬ್ಬದ ಇನಾಮು ಇಟ್ಟಳು, ಆಯಾ ಎಂದುಕೊಂಡು. ನೀನು ನಕ್ಕೆ. ನಿನಗದು ತಮಾಷೆ. ಅಪ್ಪ ಆವತ್ತು ಊಟ ಮಾಡಲಿಲ್ಲ. ರಾಗಿ ಹೊಲವಿದ್ದ ಕಾಲದಿಂದ ಈ ಜಾಗ ನಮ್ಮದು.

ನಿನಗೆ ಅನ್ಯಾಯ ಮಾಡುವ ಆಸೆ ಇಲ್ಲ. ಬೇಕಾದರೆ ಟೀಚರ್ ಆಗಿ ಸೇರಿಕೋ, ಬೇರೆಯವರಿಗಿಂತ ಹೆಚ್ಚು ಸಂಬಳ ಕೊಡುತ್ತೇನೆ. ಬೇಡವೆಂದರೆ ನಿನ್ನಿಷ್ಟ. ವ್ಯವಹಾರವೇ ಇರಲಿಲ್ಲ ಎಂದು ಬರೆದದ್ದು ನಿನ್ನ ಕೈ, ನನ್ನದಲ್ಲ.

ಹಂಸ ರಾಮಾಂಜಿನಪ್ಪ


ಹೊಸ ತಿಪ್ಪಸಂದ್ರ
೨೬ ಮೇ ೨೦೨೫

ಆದಿಲಕ್ಷ್ಮಿ,

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಭಾನುವಾರ ಜೋಗುಪಾಳ್ಯಕ್ಕೂ ಬಂದಿದ್ದೆ, ಮನೆಗೆ ಬೀಗವಿತ್ತು. ಅದಕ್ಕೆ ಈ ಕಾಗದವನ್ನು ಕೆಳಗಿನ ನಜೀರ್ ಅವರ ಟೈಲರ್ ಅಂಗಡಿಯಲ್ಲಿ ಕೊಟ್ಟಿದ್ದೇನೆ. ಅವರ ಹತ್ತಿರವೇ ಓದಿಸಿಕೋ.

ಹಂಸ ನನಗೆ ಏನು ಮಾಡಿದಳು ಎಂದು ನಿನಗೆ ಗೊತ್ತೇ ಇದೆ. ಕೊಟ್ಟವಳು ಕೋಡಂಗಿ, ಇಸಕೊಂಡವಳು ಈರಭದ್ರಿ. ನಿನ್ನನ್ನೂ ತೆಗೆದುಹಾಕಿದಳೆಂದು ಕೇಳಿದೆ. ರಾತ್ರಿ ಹಗಲು ಅದೇ ಯೋಚನೆ. ನನ್ನ ನಾಲ್ಕು ವರ್ಷವನ್ನು ಅವಳು ಒರೆಸಿಹಾಕಿದಳು. ಸುಮ್ಮನೆ ಕೂತರೆ ನಾನು ಪಾರ್ವತೆವ್ವನ ಮಗಳೇ ಅಲ್ಲ.

ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಮುಂದೆ ನಿಂತು ಹೇಳಬೇಕೆಂದಿದ್ದೇನೆ: ಅದು ಹೊಸದಲ್ಲ, ಶುರುಮಾಡಿದವಳು ನಾನು, ನಡೆಸಿದವಳು ನಾನು. ನನ್ನ ಮಾತಿಗೆ ಸಾಕ್ಷಿ ಬೇಕು. ಮಕ್ಕಳ ತಂದೆತಾಯಂದಿರು ಯಾರೂ ಬರುವುದಿಲ್ಲ, ಅವರಿಗೆ ಮಗು ಬಿಡಲು ಜಾಗ ಬೇಕಲ್ಲ, ಹಂಸನನ್ನು ಎದುರು ಹಾಕಿಕೊಳ್ಳುವರೇ? ನೀನೊಬ್ಬಳೇ ಇರುವುದು. ಬಂದು ಕಂಡದ್ದನ್ನು ಹೇಳು, ಸಾಕು. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ನೀನು ಕೈಬಿಡುವುದಿಲ್ಲ ಎಂದು ನಂಬಿದ್ದೇನೆ.

ನಿನ್ನ
ಅಂಜಲಿ ಮೇಡಂ


ಜೋಗುಪಾಳ್ಯ
೮ ಜೂನ್ ೨೦೨೫

ಅಂಜಲಿ ಮೇಡಂ ಅವರಿಗೆ ಆದಿಲಕ್ಷ್ಮಿ ಮಾಡುವ ನಮಸ್ಕಾರ.

ನಿಮ್ಮ ಕಾಗದ ಸಿಕ್ಕಿತು. ನಜೀರಣ್ಣನ ಹತ್ತಿರ ಓದಿಸಲಿಲ್ಲ, ನಾನೇ ಓದಿದೆ. ಹಲಸೂರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸ್ ಪಾಸಾಗಿದ್ದೇನೆ. ನಾಲ್ಕು ವರ್ಷದಲ್ಲಿ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನ ಮಕ್ಕಳಿಗೆ ಕಥೆ ಪುಸ್ತಕ ಹೇಳುತ್ತಿದ್ದೆನಲ್ಲ, ಚಿತ್ರ ನೋಡಿ ಹೇಳುತ್ತೇನೆ ಎಂದುಕೊಂಡಿದ್ದಿರಿ. ಓದಿ ಹೇಳುತ್ತಿದ್ದೆ.

ಬ್ಯಾಂಕಿಗೆ ಬಾ ಅಂದಿದ್ದೀರಿ. ನಾನು ಆಗಲೇ ಹೋಗಿ ಬಂದೆ. ಅದನ್ನು ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಕೇಳಿ.

ಮಾರ್ಚಿನಲ್ಲಿ ಬ್ಯಾಂಕಿನವರು ಎರಡನೇ ಸಲ ನೋಡಲು ಬರುವ ದಿನ ಹಂಸಮ್ಮ ನನ್ನನ್ನು ಕರೆದು, "ನೀನಿಲ್ಲಿ ಕೆಲ್ಸಕ್ಕಿದ್ದೀನಿ ಅನ್ಬೇಡ. ಪಕ್ಕದ್ಮನೆಯವ್ಳು, ಸುಮ್ನೆ ಬಂದಿದ್ದೀನಿ ಅನ್ನು" ಅಂದರು. ಹಾಗೇ ಅಂದೆ. ತಿಂಗಳ ಕೊನೆಗೆ ಸರ್ಟಿಫಿಕೇಟ್ ಇರುವ ಇಬ್ಬರು ಹುಡುಗಿಯರು ಬಂದರು. ಹಂಸಮ್ಮ ನನಗೆ ಬರಬೇಡ ಅಂದರು. ನಾಲ್ಕು ವರ್ಷ ಕೆಲಸ ಮಾಡಿದ್ದೇನಲ್ಲ ಅಮ್ಮಾ ಅಂದೆ. "ನೀನು ಇದ್ದೆ ಅಂತ ಎಲ್ಲೂ ಇಲ್ವಲ್ಲ" ಅಂದರು.

ನಮ್ಮ ಬೀದಿಯಲ್ಲಿ ಇಂದಿರಾನಗರಕ್ಕೆ ಮನೆಕೆಲಸಕ್ಕೆ ಹೋಗುವ ಏಳು ಜನ ಹೆಂಗಸರಿದ್ದಾರೆ. ಮಕ್ಕಳನ್ನು ಒಳಗೆ ಕೂಡಿ ಬೀಗ ಹಾಕಿಕೊಂಡು ಹೋಗುತ್ತಾರೆ. ಆ ಮಕ್ಕಳನ್ನು ನಾನೇ ನೋಡಿಕೊಂಡರೆ ಹೇಗೆ ಅನ್ನಿಸಿತು. ಬಡವರಿಗೂ ಆ ಸಾಲ ಸಿಗುತ್ತದೆ ಎಂದು ನಮ್ಮ ಮಹಿಳಾ ಸಂಘದವರು ಹೇಳಿದರು. ನಜೀರಣ್ಣ ಅಂಗಡಿಯ ಹಿಂದಿನ ರೂಮು ಕೊಡುತ್ತೇನೆ ಅಂದರು. ಫಾರಂ ತುಂಬಿದೆ. ಅದರಲ್ಲಿ ಅನುಭವ ಎಂದು ಒಂದು ಸಾಲಿತ್ತು. ನನ್ನ ಜೀವನದಲ್ಲಿ ಯಾವ ಫಾರಮಿನಲ್ಲೂ ಅಷ್ಟು ಖುಷಿಯಿಂದ ಬರೆದಿಲ್ಲ ಮೇಡಂ. ನಾಲ್ಕು ವರ್ಷ, ಇಪ್ಪತ್ತೆರಡು ಮಕ್ಕಳು ಎಂದು ಬರೆದೆ.

ಅದೇ ವಕಾರ್ ಸಾಹೇಬರು. ಅವರಿಗೆ ನನ್ನ ಮುಖ ನೆನಪಿತ್ತು. "ಪಕ್ಕದ್ಮನೆಯವ್ರು ಅಂದಿದ್ರಲ್ಲಮ್ಮ?" ಎಂದು ಬೀರುವಿನಿಂದ ಫೈಲು ತೆಗೆದರು. ಅದರಲ್ಲಿ ನಿಮ್ಮ ಕಾಗದ. ನಿಮ್ಮ ಹೆಸರಲ್ಲಿ ಹಂಸಮ್ಮ ಯಾರ ಕೈಲೋ ಬರೆಸಿರಬೇಕು ಎಂದುಕೊಂಡು ಅಕ್ಷರ ನೋಡಿದೆ, ನಿಮ್ಮದೇ. ಮಕ್ಕಳ ಡಬ್ಬಿಗಳ ಮೇಲೆ ಹೆಸರು ಬರೆದ ಅದೇ ದುಂಡು ಅಕ್ಷರ. ಸಂಬಳಕ್ಕೆ ಯಾರೂ ಇರಲಿಲ್ಲ ಎಂದಿತ್ತು. "ಈಗ ಯಾರ್ ಸುಳ್ಳು ಹೇಳ್ತಿರೋದು? ನೀವಾ, ಈ ಮೇಡಮ್ಮಾ?" ಎಂದು ಕೇಳಿದರು.

ನಿಮ್ಮದು ಸುಳ್ಳು ಅಂದಿದ್ದರೆ ಹಂಸಮ್ಮನ ಸಾಲ ನಿಲ್ಲುತ್ತಿತ್ತು. ನಿಮಗೂ ತೊಂದರೆ ಆಗುತ್ತಿತ್ತು. ನಾನೇ ಸುಳ್ಳು ಹೇಳಿದೆ ಸಾರ್ ಅಂದು ಎದ್ದು ಬಂದೆ.

ಪಾಪ, ಸಾಹೇಬರು ಒಳ್ಳೆಯವರು. ಜೂನ್ ಕೊನೆವರೆಗೆ ಫಾರಂ ಇಟ್ಟಿರುತ್ತೇನೆ, ಕೆಲಸ ಮಾಡಿದ್ದಕ್ಕೆ ಬರಹ ತಂದರೆ ನೋಡೋಣ ಅಂದಿದ್ದಾರೆ. ಹಂಸಮ್ಮನ ಮೇಲೆ ನನಗೆ ಕೋಪ ಇಲ್ಲ. ಅವರು ಓನರ್ ಮಗಳು, ಯಾವತ್ತೂ ಓನರ್ ಮಗಳಾಗಿಯೇ ಇದ್ದರು. ನೀವು ಬರೆದಿರಿ ಎಂದು ಅಳು ಬಂತು.

ನಿಮ್ಮ ಸಾಕ್ಷಿಗೆ ಬರುತ್ತೇನೆ. ಎಲ್ಲಿ ಬೇಕಾದರೂ ನಿಲ್ಲುತ್ತೇನೆ. ಮೊದಲು ನನಗೆ ಒಂದು ಕಾಗದ ಕೊಡಿ. ಆದಿಲಕ್ಷ್ಮಿ ನಾಲ್ಕು ವರ್ಷ ನನ್ನ ಹತ್ತಿರ ಮಕ್ಕಳನ್ನು ನೋಡಿಕೊಂಡಳು ಎಂದು. ಅಷ್ಟೇ ಸಾಕು.

ಇಂತಿ,
ಆದಿಲಕ್ಷ್ಮಿ


ಹೊಸ ತಿಪ್ಪಸಂದ್ರ
೧ ಜುಲೈ ೨೦೨೫

ಪ್ರೀತಿಯ ಆದಿಲಕ್ಷ್ಮಿ,

ಉತ್ತರ ತಡವಾಯಿತು. ನಿನ್ನ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ನಾಚಿಕೆಯಾಯಿತು. ವಿರೂಪಾಕ್ಷರಿಗೂ ತೋರಿಸಲಿಲ್ಲ. ನೀನು ಕೇಳಿದ ಕಾಗದವನ್ನು ಆವತ್ತೇ ಬರೆದೆ, ದೇವರಾಣೆ. ಬರೆದು ಕಪಾಟಿನಲ್ಲಿಟ್ಟಿದ್ದೇನೆ.

ಕೊಡಲು ಯಾಕೆ ಆಗುತ್ತಿಲ್ಲ ಎಂದು ಹೇಳುತ್ತೇನೆ. ದೂರು ಕೊಡಲೆಂದು ಬ್ಯಾಂಕಿಗೆ ಹೋಗಿದ್ದೆ. ವಕಾರ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕೂರಿಸಿ, "ದೂರು ಕೊಟ್ರೆ ಮೊದ್ಲು ಸಿಕ್ಕಿಹಾಕ್ಕೊಳ್ಳೋದು ನೀವೇ ಮೇಡಂ. ಆಧಾರ್ ಅಡ್ರೆಸ್ ಚೇಂಜ್ ಮಾಡ್ಸಿ, ನೀವೇ ಹೊಸ್ದಾಗಿ ಅರ್ಜಿ ಹಾಕಿ" ಎಂದರು. ಹಾಕಿದ್ದೇನೆ. ಮಾರ್ಕೆಟ್ ರಸ್ತೆಯ ಹಿಂದೆ ಎರಡು ರೂಮಿನ ಮನೆಯೂ ಸಿಕ್ಕಿದೆ. ಈಗ ನಾಲ್ಕು ವರ್ಷ ನನ್ನ ಹತ್ತಿರ ಸಂಬಳದವಳು ಇದ್ದಳು ಎಂದು ಬರೆದುಕೊಟ್ಟರೆ ನಾನು ಹೊಸಬಳು ಹೇಗಾಗುತ್ತೇನೆ? ಮೊದಲಿನ ಕಾಗದ ಸುಳ್ಳೆಂದು ಆಗುತ್ತದೆ, ನನ್ನದೂ ಹೋಗುತ್ತದೆ, ನಿನ್ನದೂ ಬರುವುದಿಲ್ಲ. ಇಬ್ಬರೂ ಮುಳುಗುವುದಕ್ಕಿಂತ ಒಬ್ಬರು ದಡ ಸೇರಿ ಇನ್ನೊಬ್ಬರನ್ನು ಎಳೆದುಕೊಳ್ಳುವುದು ಜಾಣತನವಲ್ಲವೇ?

ನಾನು ಹಂಸ ಅಲ್ಲ. ನನ್ನ ಸಾಲ ಒಂದು ಬರಲಿ, ನೀನೇ ಅಲ್ಲಿಯ ದೊಡ್ಡ ಆಯಾ. ಸಂಬಳ ಬ್ಯಾಂಕಿಗೇ ಹಾಕುತ್ತೇನೆ. ನಿಮ್ಮ ಬೀದಿಯ ಮಕ್ಕಳಲ್ಲಿ ಇಬ್ಬರು ಮೂವರನ್ನು ಅಲ್ಲಿಗೇ ಕರೆದುಕೊಂಡು ಬರಬಹುದು, ಅರ್ಧ ಫೀಸು.

ಸೋಮವಾರ ಇನ್ಸ್‌ಪೆಕ್ಷನ್ ಇದೆ. ನೀನೂ ಬಂದು ನಿಂತರೆ ಜಾಗ ತುಂಬಿದಂತೆ ಕಾಣುತ್ತದೆ. ಕೇಳಿದರೆ ಹೊಸದಾಗಿ ಸೇರಿಕೊಳ್ಳುತ್ತಿದ್ದೇನೆ ಎಂದಷ್ಟೇ ಹೇಳು.

ವರಮಹಾಲಕ್ಷ್ಮಿ ಹಬ್ಬಕ್ಕೆಂದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಸೀರೆ ತೆಗೆದುಕೊಂಡೆ. ನಿನಗೆ ಹಸಿರು ಒಪ್ಪುತ್ತದೆ. ಇದರ ಜೊತೆ ನಜೀರ್ ಅವರ ಅಂಗಡಿಯಲ್ಲಿ ಕೊಟ್ಟಿದ್ದೇನೆ.

ನಿನ್ನನ್ನು ಮರೆಯದ
ಅಂಜಲಿ


ಜೋಗುಪಾಳ್ಯ
೫ ಜುಲೈ ೨೦೨೫

ಅಂಜಲಿ ಮೇಡಂ ಅವರಿಗೆ,

ಸೀರೆ ನಜೀರಣ್ಣನ ಅಂಗಡಿಯಲ್ಲೇ ಇದೆ, ಬಿಚ್ಚಿಲ್ಲ. ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಬಣ್ಣ ಚೆನ್ನಾಗಿದೆ ಎಂದು ಅವರು ಹೇಳಿದರು.

ಸೋಮವಾರ ಬರಲು ಆಗುವುದಿಲ್ಲ. ಬ್ಯಾಂಕಿನಲ್ಲಿ ಜೂನ್ ಮುಗಿಯಿತು, ಫಾರಂ ವಾಪಸ್ಸು ಕೊಟ್ಟರು. ಸಂಘದವರಿಗೂ ಹೇಳಿದೆ. ನಮ್ಮ ಬೀದಿಯವರು ಮೊದಲಿನ ಹಾಗೆಯೇ ಬೀಗ ಹಾಕಿಕೊಂಡು ಹೋಗುತ್ತಿದ್ದಾರೆ.

ನಾನು ಇಂದಿರಾನಗರದ ಒಂದು ಫ್ಲಾಟಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಹನ್ನೊಂದು ತಿಂಗಳ ಹೆಣ್ಣು ಮಗು, ತಾಯಿ ಆಫೀಸಿಗೆ ಹೋಗುತ್ತಾರೆ. ನಾನು ಹೋದಾಗ ಮಗು ಜ್ವರ ಬಂದು ಕಿರುಚುತ್ತಿತ್ತು. ಎತ್ತಿಕೊಂಡು ಭುಜದ ಮೇಲೆ ಹಾಕಿಕೊಂಡೆ, ಸ್ವಲ್ಪ ಹೊತ್ತಿಗೆ ಮಲಗಿತು. ಆ ತಾಯಿ ನೋಡುತ್ತಲೇ ಇದ್ದರು. "ಮೊದ್ಲು ಎಲ್ಲಾದ್ರೂ ಮಕ್ಕಳನ್ನ ನೋಡ್ಕೊಂಡಿದ್ರಾ? ಯಾರಾದ್ರೂ ಬರ್ಕೊಡ್ತಾರಾ?" ಎಂದು ಕೇಳಿದರು.

ಇಲ್ಲ ಅಂದೆ. ಹೊಸಬಳು ಎಂದು ಮೊದಲ ಮೂರು ತಿಂಗಳು ಅರ್ಧ ಸಂಬಳ.

ಆದಿಲಕ್ಷ್ಮಿ